ಮೂರು ಹುಕ್ಕಿನ ಪಟ್ಟಿ

ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಕುರಿಗೆ, ಕೋಳಿಗೆ ಯಾವ ಅಡ್ಡಿಯೂ ಇಲ್ಲ. ಭಾನುವಾರ ಮುದ್ದೆ, ಕಾಲು ಸಾರು ಇಲ್ಲದಿದ್ದರೆ ಮಾವನಿಗೆ ಊಟವೇ ಇಳಿಯದು. ಮೀನು ಮಾತ್ರ ಹೊಸ್ತಿಲು ದಾಟಬಾರದು. ನಾನು ಕತ್ರಿಗುಪ್ಪೆಯಿಂದ ಈ ಬೇಗೂರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ, ತವರಿನಿಂದ ಹುರಿದ ಮೀನು ಡಬ್ಬಿಯಲ್ಲಿ ತಂದಿದ್ದೆ. ಅತ್ತೆ ಲಕ್ಷ್ಮಿದೇವಮ್ಮ ಆ ಡಬ್ಬಿಯನ್ನು ಇಕ್ಕಳದಲ್ಲಿ ಹಿಡಿದು ಬೀದಿಗೆ ಇಟ್ಟು ಬಂದು, ತಲೆಗೆ ಸ್ನಾನ ಮಾಡಿದರು. ಆಮೇಲೆ ನನ್ನ ಗಂಡ ಮನು ಪಿಸುಮಾತಿನಲ್ಲಿ ವಿಷಯ ಹೇಳಿದರು.

ಮೂವತ್ತೆರಡು ವರ್ಷದ ಹಿಂದೆ, ಮಾವನ ತಮ್ಮ ಭೀಮೇಶ ಬೇಗೂರು ಕೆರೆಯಲ್ಲಿ ಗಾಳ ಹಾಕುತ್ತಿದ್ದವನು ಕಾಲು ಜಾರಿ ಮುಳುಗಿಹೋದ. ಹತ್ತೊಂಬತ್ತು ವಯಸ್ಸು. ಮಾವ ಬೈರಣ್ಣ ಏರಿಯ ಮೇಲೆ ನಿಂತಿದ್ದರು. ಅವರಿಗೆ ಈಜು ಬರುತ್ತಿರಲಿಲ್ಲ, ಕಾಲೂ ಕದಲಲಿಲ್ಲವಂತೆ. ಆ ವಾರ ಅತ್ತೆ ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಸುತ್ತಿ ನಾಗೇಶ್ವರನಿಗೆ ಮುಡುಪು ಕಟ್ಟಿದರು. ಈ ಮನೆಯವರು ಯಾರೂ ಗಾಳ ಮುಟ್ಟುವುದಿಲ್ಲ, ಮೀನು ತಿನ್ನುವುದಿಲ್ಲ, ಮಕ್ಕಳನ್ನು ನೀರಿನಿಂದ ಕಾಪಾಡು ಅಂತ. ಆ ಗಂಟು ಅಲ್ಲಿಂದಲೂ ದೇವರ ಕೋಣೆಯ ಮೊಳೆಯಲ್ಲಿ ನೇತಾಡುತ್ತಿತ್ತು.

ಇಂಥ ಮನೆಗೆ ನನ್ನ ನಾದಿನಿ ಹೇಮಶ್ರೀ ಗಾಳದ ಕೋಲು ತರಿಸಿದಳು.

ಫೆಬ್ರವರಿಯ ಒಂದು ಸಂಜೆ. ಅತ್ತೆ ನಡುಮನೆಯಲ್ಲಿ ಕುಳಿತು ನೆನೆಸಿದ ಅವರೆಕಾಳು ಹಿಚುಕುತ್ತಿದ್ದರು. ಕೊರಿಯರಿನವನು ಉದ್ದನೆಯ ಕೊಳವೆಯೊಂದನ್ನು ಕೊಟ್ಟು ಹೋದ.

"ಕರ್ಟನ್ ಹಾಕೋ ರಾಡೇನೇ ಅದು?" ಅತ್ತೆ ಕೇಳಿದರು.

ಹೂಂ ಅಂದಿದ್ದರೆ ಒಂದು ವಾರವಾದರೂ ನೆಮ್ಮದಿ ಇರುತ್ತಿತ್ತು. ಆದರೆ ನಮ್ಮ ಹೇಮಾ ಸತ್ಯದ ತುಂಡು.

"ಅಲ್ಲಮ್ಮ. ಫಿಶಿಂಗ್ ರಾಡ್. ಫ್ಲೈ ಕಾಸ್ಟಿಂಗ್ ಕಲೀತಿದ್ದೀನಿ."

ಅತ್ತೆಯ ಕೈಯಿಂದ ಬಟ್ಟಲು ಜಾರಿ ಬೇಳೆಯೆಲ್ಲ ಚೆಲ್ಲಿತು. ಅವರು ಅದನ್ನು ಬಾಚಿಕೊಳ್ಳಲೂ ಇಲ್ಲ. ಗಂಟಿದ್ದ ಮೊಳೆಯ ಕಡೆ ತಿರುಗಿ ಎರಡೂ ಕೈಯಲ್ಲಿ ಕೆನ್ನೆ ಬಡಿದುಕೊಂಡರು.

ಆ ದಿನದ ಊಟ ಊಟವಾಗಲಿಲ್ಲ. ಮಾವ ಮುದ್ದೆ ಮುರಿಯದೆ ಕೂತರು. ಹೇಮಾ ತಟ್ಟೆ ಬದಿಗೆ ಸರಿಸಿ ವಿವರಿಸಿದಳು. ಕೊಡಗಿನ ಕಡೆ ಹೊಳೆ ದಂಡೆಯಲ್ಲಿ ಒಂದು ಕ್ಯಾಂಪ್. ಬಂದವರಿಗೆ ಗಾಳ ಬೀಸುವುದು ಕಲಿಸಬೇಕು, ಹಿಡಿದ ಮೀನಿನ ಅಳತೆ ಬರೆದುಕೊಂಡು ನೀರಿಗೆ ಬಿಡಬೇಕು. ಜೂವಾಲಜಿ ಓದಿ ಎರಡು ವರ್ಷ ಮನೆಯಲ್ಲಿ ಕೂತವಳಿಗೆ ಸಿಕ್ಕ ಮೊದಲ ಕೆಲಸ. ಮಾರ್ಚ್ ಕೊನೆಯ ಭಾನುವಾರ ಪರೀಕ್ಷೆ. ನಲವತ್ತೈದು ಅಡಿ ದೂರದಲ್ಲಿಟ್ಟ ದೊಡ್ಡ ಬಳೆಯೊಳಗೆ ದಾರದ ತುದಿಯನ್ನು ಹತ್ತಕ್ಕೆ ಎಂಟು ಸಲ ಬೀಳಿಸಬೇಕು.

"ವಾಪಸ್ ಬಿಡೋದಾದ್ರೆ ಹಿಡಿಯೋದ್ಯಾಕೆ?" ಅಂದರು ಅತ್ತೆ.

"ಅಮ್ಮ, ಅದು ಸ್ಟಡಿಗೆ."

"ಮೀನನ್ನ ನೀನು ಸ್ಟಡಿ ಮಾಡು. ನಿನ್ನ ನೀರು ಸ್ಟಡಿ ಮಾಡ್ಲಿ. ನಾನು ಎದೆ ಬಡ್ಕೊಂಡು ಸಾಯ್ತೀನಿ."

"ಮನು, ನೀನಾದ್ರೂ ಹೇಳೋ," ಅಂದಳು ಹೇಮಾ.

"ನನ್ನ ಮಧ್ಯ ಎಳೀಬೇಡ," ಅಂತ ನನ್ನ ಗಂಡ ಮಜ್ಜಿಗೆ ಲೋಟದೊಳಗೆ ಮುಖ ಇಟ್ಟರು. ಯಾವತ್ತಿಗೂ ಇದೇ ಪಾಠ.

ಮಾವ ಕೊನೆಗೆ ಬಾಯಿಬಿಟ್ಟರು. "ಮಗಾ, ಮದ್ರಾಸಿಗಾದ್ರೂ ಹೋಗು, ಡೆಲ್ಲಿಗಾದ್ರೂ ಹೋಗು. ನೀರಿನ ದಡ ಒಂದು ಬ್ಯಾಡ. ನಂಗೆ ಆಗಾಕಿಲ್ಲ." ಅರವತ್ತೈದು ದಾಟಿದ, ಬೀದಿಯೇ ಹೆದರುವ ಯಜಮಾನ ಹೀಗೆ ಬೇಡಿಕೊಂಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಎರಡು ದಿನ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ಮೂರನೇ ದಿನ ನಾನೇ ಮಾವನ ಮುಂದೆ ಕಾಫಿ ಇಟ್ಟು ಹೇಳಿದೆ, "ಮಾವ, ಅದನ್ನ ಕಲಿಯೋದು ಹುಲ್ಲಿನ ಮೇಲಂತೆ. ನೀರೇ ಬೇಡ್ವಂತೆ. ಗಾಳದ ಮುಳ್ಳೂ ಇರಲ್ಲ, ತುದೀಲಿ ಉಲ್ಲನ್ ಚೂರು ಕಟ್ತಾರಂತೆ. ಕಲೀಲಿ ಬಿಡಿ. ಪರೀಕ್ಷೇಲಿ ಫೇಲಾದ್ರೆ ತಾನೇ ಸುಮ್ನಾಗ್ತಾಳೆ."

ಫೇಲಾಗಲಿ ಎನ್ನುವ ಆಸೆ ಮಾವನ ಮುಖದ ಮೇಲೆ ಕಂಡಿತು. "ನೀರಿನ ಹತ್ರ ಹೋಗ್ಬಾರ್ದು. ಜೊತೇಲಿ ನೀನಿರ್ಬೇಕು," ಅಂದರು.

ಹೀಗೆ ಆ ತಿಂಗಳು ನಾನು ಕಾವಲಿನವಳಾದೆ.

ಕಲಿಸುತ್ತಿದ್ದವರು ಜೆ.ಪಿ. ನಗರದ ಸೇತುರಾಮ ಅಂಕಲ್, ನಿವೃತ್ತ ಇಂಜಿನಿಯರ್. ಬೆಳಿಗ್ಗೆ ಆರಕ್ಕೆ ಮೈದಾನದ ಮೂಲೆಯಲ್ಲಿ, ವಾಕಿಂಗಿನವರು ಸುತ್ತು ಹಾಕುವಾಗ, ಹೇಮಾ ಒಂಬತ್ತಡಿ ಕೋಲು ಹಿಡಿದು ಹಸಿರು ದಾರ ಬೀಸುತ್ತಿದ್ದಳು. ನೋಡಲು ಸುಲಭ. ಕೋಲನ್ನು ಹಿಂದಕ್ಕೆ ಎತ್ತು, ತಟ್ಟನೆ ನಿಲ್ಲಿಸು, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಿ, ಆಮೇಲೆ ಮುಂದಕ್ಕೆ ತಳ್ಳಿ ಮತ್ತೆ ನಿಲ್ಲಿಸು. ಅಷ್ಟೇ. ಆ ಕಾಯುವುದೇ ಅವಳಿಗೆ ಆಗದು. ಅವಸರಕ್ಕೆ ಮುಂದೆ ಎಳೆದಳೋ, ಛಟೀರ್ ಅಂತ ಚಾಟಿಯ ಸದ್ದು. ಉಲ್ಲನ್ ಚೂರು ಕಿತ್ತು ಎಲ್ಲೋ ಹೋಗಿರುತ್ತಿತ್ತು. ಇಲ್ಲವೇ ದಾರ ಅವಳ ಕೊರಳಿಗೇ ಸುತ್ತಿಕೊಳ್ಳುತ್ತಿತ್ತು.

"ತಿರುಗಿ ನೋಡಮ್ಮ," ಅಂಕಲ್ ದಿನಾ ಹೇಳುತ್ತಿದ್ದರು. "ಮುಂದೆ ಎಷ್ಟು ದೂರ ಹೋಗ್ಬೇಕೋ ಹಿಂದೆ ಅಷ್ಟೇ ಜಾಗ ಬೇಕು. ಎಲ್ರೂ ಮುಂದೇನೇ ನೋಡ್ತಾರೆ."

ಎರಡನೆಯ ತೊಂದರೆ ಅವಳ ಮಣಿಕಟ್ಟು. ಬೀಸುವಾಗ ಅದು ಹಿಂದಕ್ಕೆ ಮಡಿಚಿಕೊಂಡು ದಾರ ನೆಲಕ್ಕೆ ಬೀಳುತ್ತಿತ್ತು. "ಹೊಸಬರಿಗೆಲ್ಲ ಹಿಂಗೇ. ಕೋಲಿನ ಬುಡಾನ ಕೈಗೆ ಸೇರಿಸಿ ಒಂದು ರಬ್ಬರ್ ಬ್ಯಾಂಡ್ ಹಾಕ್ಕೋ," ಅಂದರು ಅಂಕಲ್. ರಬ್ಬರ್ ಬ್ಯಾಂಡು ಪಟಪಟ ಹರಿಯಿತು.

ನಾನು ಮನೆಯಲ್ಲಿ ಬ್ಲೌಸ್ ಹೊಲಿಯುವವಳು. ಜಂಬ ಇರುತ್ತದಲ್ಲ! ಅವತ್ತೇ ಮಧ್ಯಾಹ್ನ ಮಿಷಿನ್ ಮುಂದೆ ಕೂತು, ದಪ್ಪ ಲೈನಿಂಗ್ ಬಟ್ಟೆ ಎರಡು ಪದರ ಮಾಡಿ, ಮೂರು ಬ್ಲೌಸ್ ಹುಕ್ಕು ಹಾಕಿ, ಮಣಿಕಟ್ಟನ್ನೂ ಕೋಲಿನ ಬುಡವನ್ನೂ ಸೇರಿಸಿ ಬಿಗಿಯುವಂಥ ಪಟ್ಟಿ ಹೊಲಿದೆ. ಹೇಮಾ ಎಡಗೈಯಲ್ಲಿ ಹುಕ್ಕು ಹಾಕಿಕೊಳ್ಳಲು ಹೆಣಗಿದಾಗ ನಾನೇ ಹಾಕಿ, "ಜಗ್ಗಿದ್ರೂ ಬರಲ್ಲ ನೋಡು," ಅಂದೆ. ಆ ಮಾತು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಮಾರ್ಚ್ ಎರಡನೇ ವಾರ ಮೈದಾನದಲ್ಲಿ ಕ್ರಿಕೆಟ್ ಟೂರ್ನಮೆಂಟಿನ ಶಾಮಿಯಾನ ಎದ್ದಿತು. ಪರೀಕ್ಷೆಗೆ ಹದಿನೆಂಟು ದಿನ.

"ಕೆರೆ ಏರಿ ಪಕ್ಕದ ಬಯಲಿಗೆ ಹೋಗ್ಲಾ ಅಪ್ಪ? ನೀರಿಗೆ ಇಳಿಯಲ್ಲ, ದೇವ್ರಾಣೆ," ಹೇಮಾ ಕೇಳಿದಳು.

"ಕೆರೆ ಅನ್ನೋ ಮಾತು ಎತ್ತಬ್ಯಾಡ ಅಂದೆ."

"ಮತ್ತೆಲ್ಲಿ ಕಲೀಲಿ?"

"ಇಷ್ಟಗಲ ಟೆರೇಸ್ ಐತಲ್ಲ, ಅಲ್ಲೇ ಬೀಸ್ಕೋ," ಅಂದರು ಮಾವ. ಮಗಳು ಕಣ್ಣೆದುರೇ ಇರುತ್ತಾಳೆಂದು ಅವರಿಗೆ ಸಮಾಧಾನವಾಗಿತ್ತು. ಅತ್ತೆಗೂ ಆಯಿತು. ನನಗೂ ಆಯಿತು, ಸುಳ್ಳು ಯಾಕೆ ಹೇಳಲಿ? ಬೆಳಿಗ್ಗೆ ಐದಕ್ಕೆ ಎದ್ದು ಜೆ.ಪಿ. ನಗರಕ್ಕೆ ಸ್ಕೂಟಿ ಓಡಿಸುವುದು ತಪ್ಪಿತು.

ಈಗ ನಮ್ಮ ಮನೆಯ ತಾರಸಿಯ ವಿಷಯ ಹೇಳಬೇಕು. ಕೆಳಗೆ ನಾವು, ಮೇಲೆ ಎರಡು ಅಂತಸ್ತು ಬಾಡಿಗೆಗೆ. ನಾಲ್ಕು ವರ್ಷದ ಹಿಂದೆ ಮಾವ ಮೇಲಿನ ಅಂತಸ್ತುಗಳನ್ನು ಬೀದಿಯ ಕಡೆಗೆ ಮೂರಡಿ ಮುಂದಕ್ಕೆ ಎಳೆಸಿದರು. ಇನ್ನೊಂದು ರೂಮು ಸಿಗುತ್ತದಲ್ಲ! ನಮ್ಮ ಬೀದಿಯಲ್ಲಿ ಎಲ್ಲರೂ ಹಾಗೇ ಎಳೆಸಿದ್ದಾರೆ. ಕರೆಂಟ್ ತಂತಿಗಳು ಇದ್ದಲ್ಲೇ ಇದ್ದವು. ಮನೆಯೇ ನಡೆದುಕೊಂಡು ಅವುಗಳ ಹತ್ತಿರ ಹೋಗಿತ್ತು. ಪ್ಯಾರಾಪಿಟ್ ಗೋಡೆಯ ಹತ್ತಿರ ನಿಂತರೆ ಮೂರು ದಪ್ಪ ತಂತಿ, ತೆಂಗಿನಗರಿ ಚಾಚಿದರೆ ಸಿಗುವಷ್ಟು ದೂರದಲ್ಲಿ. "ಆ ಕಡೆ ಬಟ್ಟೆ ಒಣಗಾಕ್ಬ್ಯಾಡಿ," ಅಂತ ಮಾವನೇ ಹೇಳುತ್ತಿದ್ದರು. ಅಷ್ಟಕ್ಕೆ ನಮ್ಮ ಎಚ್ಚರಿಕೆ ಮುಗಿಯುತ್ತಿತ್ತು. ನಮ್ಮ ಮನೆಯಲ್ಲಿ ಭಯ ಅಂದರೆ ನೀರು ಮಾತ್ರ.

ಹೇಮಾ ನೀರಿನ ಟ್ಯಾಂಕಿನ ಬುಡದಲ್ಲಿ ಪ್ಲಾಸ್ಟಿಕ್ ಟಬ್ ಇಟ್ಟು, ಅದನ್ನೇ ಬಳೆ ಅಂದುಕೊಂಡು, ಬೀದಿಗೆ ಬೆನ್ನು ಹಾಕಿ ಬೀಸತೊಡಗಿದಳು. ಮೊದಲ ಎರಡು ದಿನ ದಾರ ಗಿಡ್ಡ ಇತ್ತು. ಕೈ ಪಳಗಿದ ಹಾಗೆ ಉದ್ದ ಬಿಡುತ್ತ ಹೋದಳು. ಹತ್ತಕ್ಕೆ ಐದು, ಹತ್ತಕ್ಕೆ ಆರು. ರಾತ್ರಿ ಊಟಕ್ಕೆ ಕೂತಾಗ ಅವಳ ಮುಖದಲ್ಲಿ ಹೊಳಪು. ಅದನ್ನು ನೋಡಿ ಅತ್ತೆಯ ಮುಖದಲ್ಲಿ ದಿಗಿಲು.

"ಪಾಸಾಗ್ಬಿಡ್ತಾಳೇನೇ ಪಂಕಜಾ?" ಅತ್ತೆ ಒಗ್ಗರಣೆ ಹಾಕುತ್ತ ನನ್ನನ್ನು ಕೇಳಿದರು.

"ಗೊತ್ತಿಲ್ಲ ಅತ್ತೆ."

"ನಿದ್ದೇಲಿ ಭೀಮೇಶ ಬರ್ತಾನೆ ಕಣೇ. ಒದ್ದೆ ಬಟ್ಟೇಲಿ ಬಾಗಿಲ ಹತ್ರ ನಿಂತಿರ್ತಾನೆ. ಒಳಗ್ ಬಾ ಅಂದ್ರೂ ಬರಲ್ಲ."

ಅವತ್ತಿನಿಂದ ನನಗೂ ಬಾಗಿಲ ಕಡೆ ನೋಡಲು ಒಂಥರಾ ಆಗುತ್ತಿತ್ತು.

ಆ ಬುಧವಾರ ರಿಪೇರಿಗೆಂದು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕರೆಂಟ್ ಇರುವುದಿಲ್ಲ ಅಂತ ಮೆಸೇಜ್ ಬಂದಿತ್ತು. ನಮಗೇನು, ಯುಪಿಎಸ್ ಇದೆ. ಫ್ಯಾನು ತಿರುಗುತ್ತಲೇ ಇತ್ತು. ಮೂರೂವರೆಯ ಹೊತ್ತಿಗೆ ನಾನು ಒಣಗಿದ ಬಟ್ಟೆ ತರಲು ಮೇಲೆ ಹೊರಟೆ. ಮಾವ ಟ್ಯಾಂಕಿನಲ್ಲಿ ನೀರೆಷ್ಟಿದೆ ನೋಡಲು ನನ್ನ ಹಿಂದೆಯೇ ಬಂದರು.

ಬಾಗಿಲು ತಳ್ಳಿದೆ. ಟಬ್ಬಿನ ಹತ್ತಿರ ಹೇಮಾ ಇಲ್ಲ. ಅವಳು ಬೀದಿಯ ಕಡೆಯ ಪ್ಯಾರಾಪಿಟ್‌ಗೆ ಹೊಟ್ಟೆ ಒತ್ತಿ ನಿಂತಿದ್ದಳು. ಹಿಂದಕ್ಕೆ ಹಾರಿದ ದಾರದ ತುದಿ, ಕೆಂಪು ಉಲ್ಲನ್ ಸಮೇತ, ನಡುವಿನ ತಂತಿಗೆ ಎರಡು ಸುತ್ತು ಸುತ್ತಿಕೊಂಡಿತ್ತು. ಅದನ್ನು ಬಿಡಿಸಲು ಅವಳು ಕೋಲನ್ನು ತಂತಿಯ ಕಡೆಗೇ ಎತ್ತಿ ಚಾಚಿದ್ದಳು. ಕರಿಯ ಕಾರ್ಬನ್ ಕೋಲು, ಕರೆಂಟ್ ಹರಿಯುವಂಥದ್ದು. ಅದರ ತುದಿಗೂ ತಂತಿಗೂ ನಡುವೆ ಒಂದು ಗೇಣು.

"ಹೇಮಾ!" ಮಾವ ಕಿರುಚಿದರು. "ಬಿಡು! ಕೋಲು ಬಿಡು!"

ಅವಳು ಬೆಚ್ಚಿ ತಿರುಗಿದಳು. ಬೆರಳು ಬಿಡಿಸಿದಳು. ಕೋಲು ಬೀಳಲಿಲ್ಲ. ನನ್ನ ಪಟ್ಟಿ ಅದನ್ನು ಅವಳ ಕೈಗೆ ಕಟ್ಟಿ ಹಿಡಿದಿತ್ತು. ಬೆಚ್ಚಿದ ರಭಸಕ್ಕೆ ಕೋಲು ವಾಲಿ ಅದರ ತುದಿ ಹೋಗಿ ತಂತಿಯ ಮೇಲೆ ಕೂತು, ಸುತ್ತಿದ್ದ ದಾರಕ್ಕೆ ಸಿಕ್ಕಿಕೊಂಡಿತು.

ನಾನು ಕಣ್ಣು ಮುಚ್ಚಿಬಿಟ್ಟೆ. ಏನೂ ಆಗಲಿಲ್ಲ. ಕಣ್ಣು ಬಿಟ್ಟರೆ ಹೇಮಾ ಹಾಗೇ ನಿಂತಿದ್ದಾಳೆ, ತುಟಿ ಬಿಳಿಚಿಕೊಂಡು.

"ಅತ್ತಿಗೆ, ಹುಕ್ಕು," ಅಂದಳು.

ನಾನು ಓಡಹೋದೆ. ಮಾವ ನನ್ನ ಸೆರಗು ಹಿಡಿದು ಜಗ್ಗಿದರು. "ಮುಟ್ಬ್ಯಾಡ! ಕರೆಂಟ್ ಬಂದ್ರೆ ಇಬ್ರೂ ಹೋಯ್ತೀರಾ! ಕರೆಂಟ್ ಐತಾ ಇಲ್ವಾ?"

ಐತಾ ಇಲ್ವಾ? ನಮಗೆ ಹೇಗೆ ಗೊತ್ತಾಗಬೇಕು, ಯುಪಿಎಸ್ ಇರುವ ಮನೆಯವರಿಗೆ! ನಾನು ಪಕ್ಕದ ಗೋಡೆಗೆ ಬಗ್ಗಿ ಮೇಲಿನ ಅಂತಸ್ತಿನ ಬಾಡಿಗೆಯವಳನ್ನು ಕೂಗಿದೆ. ಬಾಗಲಕೋಟೆಯ ಹುಡುಗಿ, ಅವಳ ಮನೆಯಲ್ಲಿ ಯುಪಿಎಸ್ ಇಲ್ಲ.

"ಅನ್ನಪೂರ್ಣಾ! ನಿಮ್ಮನೇಲಿ ಕರೆಂಟ್ ಬಂತಾ?"

"ಇನ್ನಾ ಬಂದಿಲ್ರೀ ಅಕ್ಕಾರ!"

"ನೋಡ್ತಾ ಇರು! ಬಂದ ತಕ್ಷಣ ಕೂಗು!" ಅಂದೆ. ಬಂದ ತಕ್ಷಣ ಕೂಗಿದರೆ ಏನು ಉಪಯೋಗ ಅನ್ನುವುದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ಸೆರಗು ಬಿಡಿಸಿಕೊಂಡು ಹೋಗಿ ಹೇಮಾಳ ಕೈ ಹಿಡಿದೆ. ಒಂದು ಹುಕ್ಕು ಬಿಟ್ಟಿತು. ಎರಡನೆಯದೂ ಬಿಟ್ಟಿತು. ಮೂರನೆಯದು ಬಗ್ಗಿ ಹೊಲಿಗೆಯ ದಾರದೊಳಗೆ ಕಚ್ಚಿಕೊಂಡಿತ್ತು. ನನ್ನ ಬೆರಳು ಬೆವೆತು ಜಾರುತ್ತಿತ್ತು. ಸಾವಿರ ಹುಕ್ಕು ಹೊಲಿದ ಬೆರಳು, ಒಂದನ್ನು ಬಿಡಿಸಲಾರದೆ ಹೋಯಿತು.

"ಮಾವ, ಬನ್ನಿ!" ಅಂದೆ. ಅವರು ಬರಲಿಲ್ಲ. ಅಲ್ಲೇ ನಿಂತಿದ್ದರು, ಬಾಯಿ ತೆರೆದುಕೊಂಡು, ಎರಡೂ ಕೈ ಮುಂದೆ ಚಾಚಿಕೊಂಡು. ಕಾಲು ಕದಲುತ್ತಿರಲಿಲ್ಲ. ಅಂದು ಏರಿಯ ಮೇಲೆ ಹೇಗೆ ನಿಂತಿದ್ದರೆಂದು ನನಗೆ ಆಗ ಗೊತ್ತಾಯಿತು.

ಕೂಗು ಕೇಳಿ ಅತ್ತೆ ಮೆಟ್ಟಿಲು ಹತ್ತಿ ಬಂದರು. ಮಂಡಿನೋವಿನ ಹೆಂಗಸು, ಅಷ್ಟು ಬೇಗ ಹೇಗೆ ಬಂದರೋ! ಒಂದು ಮಾತು ಕೇಳಲಿಲ್ಲ. ಎಡಗೈಯಲ್ಲಿ ಗಾಳದ ಕೋಲನ್ನು ಗಟ್ಟಿಯಾಗಿ ಹಿಡಿದು, ಬಗ್ಗಿ, ಆ ಪಟ್ಟಿಯ ಹೊಲಿಗೆಗೆ ಹಲ್ಲು ಹಾಕಿ ಕಚ್ಚಿ ಎಳೆದರು. ಬಟ್ಟೆ ಪರ್ರನೆ ಹರಿಯಿತು. ಕೋಲಿನ ಬುಡ ಪ್ಯಾರಾಪಿಟ್ ಮೇಲೆ ಬಿತ್ತು. ನಾವು ಮೂವರೂ ಒಬ್ಬರನ್ನೊಬ್ಬರು ಎಳೆದುಕೊಂಡು ಮೆಟ್ಟಿಲ ಬಾಗಿಲಿಗೆ ಬಂದು ಬಿದ್ದೆವು.

ಅತ್ತೆ ಬಾಯಿಂದ ಹುಕ್ಕು ಉಗಿಯುತ್ತಿದ್ದರು. ಆಗ ಕೆಳಗಿನಿಂದ ಅನ್ನಪೂರ್ಣ ಕೂಗಿದಳು.

"ಬಂತ ನೋಡ್ರೀ! ಕರೆಂಟ ಬಂತ್ರೀ ಅಕ್ಕಾರ!"

ಫಟಾರ್ ಅಂತ ಸದ್ದು. ನೀಲಿ ಬೆಳಕು. ಕೋಲು ಸೀಳಿ ಹೊತ್ತಿಕೊಂಡಿತು. ಬೀದಿಯ ಕೊನೆಯಲ್ಲಿ ಟ್ರಾನ್ಸ್‌ಫಾರ್ಮರ್ ಢಂ ಎಂದಿತು. ಸುಟ್ಟ ಪ್ಲಾಸ್ಟಿಕ್ಕಿನ ಕಮಟು ತಾರಸಿಯ ತುಂಬ ಹರಡಿತು. ಅತ್ತೆ ಮಗಳನ್ನು ಅಪ್ಪಿಕೊಂಡೇ ಕೂತಿದ್ದರು. ಹೇಮಾ ಅಳುತ್ತಿರಲಿಲ್ಲ, ಮಣಿಕಟ್ಟಿನಲ್ಲಿ ಉಳಿದ ಬಟ್ಟೆಯ ಚೂರನ್ನು ನೋಡುತ್ತಿದ್ದಳು.

ಐದು ಗಂಟೆಗೆ ಲೈನ್‌ಮನ್ ಬಂದ. ಕರಕಲಾದ ಕೋಲನ್ನು ಇಳಿಸಿ, ತಂತಿಯನ್ನೂ ಗೋಡೆಯನ್ನೂ ಎರಡೆರಡು ಸಲ ನೋಡಿದ.

"ಈ ಮೂರಡಿ ಯಾರು ಎಳೆಸಿದ್ದು ಯಜಮಾನ್ರೇ?"

ಬೇರೆ ದಿನವಾಗಿದ್ದರೆ ಮಾವ ಜಗಳ ಕಾಯುತ್ತಿದ್ದರು. "ನಾನೇ," ಅಂದರು.

"ನಿಮ್ಮನೆ ಮಗು ಸಾಯ್ತಿತ್ತು ಇವತ್ತು."

"ಹೂಂ," ಅಂದರು ಮಾವ.

ಆ ವಾರ ಮನೆಯಲ್ಲಿ ಯಾರೂ ಸರಿಯಾಗಿ ಉಂಡವರಿಲ್ಲ. ನಾನು ಹೊಲಿಗೆ ಮಿಷಿನ್ ಮುಚ್ಚಿಟ್ಟೆ. ಹುಕ್ಕಿನ ಡಬ್ಬಿಯನ್ನು ಕಪಾಟಿನ ಮೂಲೆಗೆ ತಳ್ಳಿದೆ. ಮನು ಅಂಗಡಿಯಿಂದ ದಿನಕ್ಕೆ ಹತ್ತು ಸಲ ಫೋನ್ ಮಾಡಿ "ಎಲ್ರೂ ಇದ್ದೀರಾ?" ಅಂತ ಕೇಳುತ್ತಿದ್ದರು. ಹೇಮಾ ಸ್ವಿಚ್ ಮುಟ್ಟುತ್ತಿರಲಿಲ್ಲ. ಕತ್ತಲಾದರೂ ರೂಮಿನಲ್ಲಿ ಹಾಗೇ ಕೂತಿರುತ್ತಿದ್ದಳು. ಸೇತುರಾಮ ಅಂಕಲ್ ಸುದ್ದಿ ಕೇಳಿ ಓಡಿ ಬಂದರು. ಕೋಲಿನ ಹಿಡಿಯ ಹತ್ತಿರ ಕರೆಂಟ್ ತಂತಿಯ ಎಚ್ಚರಿಕೆ ಬರೆದ ಚೀಟಿ ಇರುತ್ತದೆ, ತಾವು ಬಾಯಿಬಿಟ್ಟು ಹೇಳಬೇಕಿತ್ತು ಅಂತ ಕೈ ಹಿಸುಕಿಕೊಂಡರು. ಆ ಚೀಟಿ ನನ್ನ ಪಟ್ಟಿಯ ಅಡಿಯಲ್ಲೇ ಇತ್ತು. ಹೋಗುವಾಗ ತಮ್ಮ ಹಳೆಯ ಕೋಲೊಂದನ್ನು ಬಿಟ್ಟು ಹೋದರು.

ಹೇಮಾ ಅದನ್ನು ಮುಟ್ಟಲಿಲ್ಲ. "ನಂಗೆ ಬೇಡ ಅತ್ತಿಗೆ," ಅಂದಳು. "ಹಿಡ್ಕೊಂಡ್ರೆ ಕೈಗೆ ಅಂಟ್ಕೊಂಡ್ಬಿಡುತ್ತೆ ಅನ್ಸುತ್ತೆ."

ಫೇಲಾಗುವುದು ಬೇಕಿತ್ತಲ್ಲ ನಮಗೆಲ್ಲ! ಈಗ ಪರೀಕ್ಷೆಗೇ ಹೋಗುವುದಿಲ್ಲ ಅನ್ನುತ್ತಿದ್ದಳು. ಮನೆಯಲ್ಲಿ ಯಾರಿಗೂ ಖುಷಿಯಾಗಲಿಲ್ಲ. ಎಲ್ಲರಿಗಿಂತ ಹೆಚ್ಚು ಕುಗ್ಗಿದವರು ಮಾವ. ಮಗಳ ರೂಮಿನ ಬಾಗಿಲವರೆಗೆ ಹೋಗುವುದು, ಒಳಗೆ ಇಣುಕುವುದು, ವಾಪಸ್ ಬರುವುದು.

ಸೋಮವಾರ ಮೇಸ್ತ್ರಿಯನ್ನು ಕರೆಸಿದರು. ಅನ್ನಪೂರ್ಣಳನ್ನು ಹಿಂದಿನ ರೂಮಿಗೆ ಸಾಗಿಸಿ, ಎರಡೂ ಅಂತಸ್ತಿನ ಆ ಮೂರಡಿ ಒಡೆಸಲು ಹೇಳಿದರು. ಸುತ್ತಿಗೆಯ ಸದ್ದು ಕೇಳಿ ಎದುರುಮನೆಯ ನಾರಾಯಣಮ್ಮ, "ಯಾಕ್ ಬೈರಣ್ಣ, ಕಟ್ಟಿದ್ದು ಒಡೆಸ್ತೀಯಾ?" ಅಂದರು. "ನಿಮ್ದೂ ಒಂದ್ ಸಲ ನೋಡ್ಕಳಿ ಅಕ್ಕಾ," ಅಂದರು ಮಾವ, ಅಷ್ಟೇ.

ಪರೀಕ್ಷೆಗೆ ಮೂರು ದಿನ ಇತ್ತು. ಗುರುವಾರ ಬೆಳಿಗ್ಗೆ ಆರಕ್ಕೆ ಮಾವ ಅಂಕಲ್ ಕೊಟ್ಟ ಕೋಲನ್ನು ತಾವೇ ಕೈಯಲ್ಲಿ ಹಿಡಿದುಕೊಂಡು ಮಗಳ ರೂಮಿನ ಮುಂದೆ ನಿಂತರು.

"ಏಳವ್ವ. ಕೆರೆ ತಾವ ಹೋಗಾನ."

ಅತ್ತೆ ದೇವರ ಕೋಣೆಗೆ ಹೋಗಿ ಮೊಳೆಯಿಂದ ಮುಡುಪು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ದಾರಿಯಲ್ಲಿ ನಾಗೇಶ್ವರನ ಗುಡಿ, ಒಳಗೆ ಹೋಗಿ ಗಂಟನ್ನು ಹುಂಡಿಗೆ ಹಾಕಿ, ಗಟ್ಟಿಯಾಗಿ, ಪಕ್ಕದಲ್ಲಿ ಜನ ಇದ್ದಾರೆಂದೂ ನೋಡದೆ ಹೇಳಿದರು: "ಗಾಳ ಮುಟ್ಟಿದ್ದು ನಾನು. ಈ ಕೈಯಲ್ಲಿ ಹಿಡಿದಿದ್ದೀನಿ, ಈ ಬಾಯಲ್ಲಿ ಕಚ್ಚಿದ್ದೀನಿ. ಏನಿದ್ರೂ ನನ್ನ ಕೇಳು. ಅವಳ ತಂಟೆಗೆ ಬರ್ಬೇಡ."

ಕೆರೆಯ ಪಕ್ಕದ ಬಯಲು ತೆರವಾಗಿತ್ತು. ಹೇಮಾ ದಡದಿಂದ ಇಪ್ಪತ್ತು ಹೆಜ್ಜೆ ಹಿಂದೆಯೇ ನಿಂತುಬಿಟ್ಟಳು. ಮುಖದ ತುಂಬ ಬೆವರು. ಕೋಲು ಹಿಡಿದ ಕೈಯ ಬೆರಳುಗಳನ್ನು ಬಿಡಿಸುವುದು, ಹಿಡಿಯುವುದು, ಮತ್ತೆ ಬಿಡಿಸುವುದು. ಬಿಡಿಸಲು ಬರುತ್ತದೆ ಅಂತ ತನಗೆ ತಾನೇ ತೋರಿಸಿಕೊಳ್ಳುತ್ತಿದ್ದಳು.

"ಆಗಲ್ಲ ಅಪ್ಪ. ಹಿಂದೆ ಏನೋ ಇದೆ ಅನ್ಸುತ್ತೆ."

ಮಾವ ಅವಳ ಬಲಕ್ಕೆ, ದಾರ ತಾಕದಷ್ಟು ದೂರ ಹೋಗಿ, ಕೆರೆಗೆ ಬೆನ್ನು ಹಾಕಿ ನಿಂತರು. ಮೂವತ್ತೆರಡು ವರ್ಷದಿಂದ ಆ ನೀರನ್ನು ಕಣ್ಣೆತ್ತಿ ನೋಡದವರು, ಇವತ್ತೂ ನೋಡಲಾರರು. ಅವಳ ಬೆನ್ನ ಹಿಂದಿನ ಬಯಲನ್ನು ಮಾತ್ರ ದಿಟ್ಟಿಸಿದರು. ಮೇಲೆ ನೋಡಿದರು, ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ತಂತಿಯಿಲ್ಲ, ಮರವಿಲ್ಲ, ಮನುಷ್ಯರಿಲ್ಲ.

"ನಾನ್ ನೋಡ್ತಾ ಇವ್ನಿ ಮಗಾ. ಹಿಂದೆ ಏನೂ ಇಲ್ಲ. ಬೀಸು."

ಮಾವನ ಪಕ್ಕದಲ್ಲಿದ್ದ ಅತ್ತೆ ನನ್ನ ಕೈ ಹಿಡಿದುಕೊಂಡರು. ಹೇಮಾ ಹತ್ತು ಹೆಜ್ಜೆ ಮುಂದೆ ಹೋದಳು. ಕೋಲೆತ್ತಿದಳು, ನಿಲ್ಲಿಸಿದಳು. ತಿರುಗಿ ನೋಡಿದಳು. ದಾರ ಹಿಂದೆ ಪೂರ್ತಿ ಚಾಚಿಕೊಳ್ಳುವವರೆಗೆ ಕಾದಳು. ಮುಂದಕ್ಕೆ ತಳ್ಳಿದಳು. ಕೆಂಪು ಉಲ್ಲನ್ ಚೂರು ಸದ್ದಿಲ್ಲದೆ ನೀರಿನ ಮೇಲೆ ಕೂತಿತು.

ಮಾವ ತಿರುಗಲಿಲ್ಲ. ಬಯಲನ್ನೇ ನೋಡುತ್ತ ನನ್ನನ್ನು ಕೇಳಿದರು, "ಪಂಕಜಾ, ಬಿತ್ತಾ?"

"ಬಿತ್ತು ಮಾವ."

"ನೀರ್‌ಗಾ?"

"ಹೂಂ ಮಾವ, ನೀರಿಗೇ."

ಹೇಮಾ ಎಡಗೈಯಲ್ಲಿ ದಾರವನ್ನು ಮೆಲ್ಲಗೆ ಎಳೆದುಕೊಳ್ಳುತ್ತಿದ್ದಳು.

"ವಾಪಸ್ ಬಂತಾ?" ಮಾವ ಕೇಳಿದರು.

"ಬಂತು ಮಾವ. ಪೂರ್ತಿ ಬಂತು."

"ಹಂಗಾದ್ರೆ ಇನ್ನೊಂದ್ ಕಿತ ಬೀಸಾಕ್ ಹೇಳು," ಅಂದರು, ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು ಮತ್ತೆ ಅವಳ ಹಿಂದಿನ ಬಯಲು ನೋಡುತ್ತ.